ಸೀಟು ತುಂಬಿದರೆ ಸಾಲದು: ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆಯುವುದು, ಉಳಿಸಿಕೊಳ್ಳುವುದು

ಅಡ್ಮಿಷನ್ ಸಮಯದಲ್ಲಿ ಸೀಟು ತುಂಬಿತು ಅಂತ ಖುಷಿಪಡುತ್ತೇವೆ. ವರ್ಷ ಮುಗಿಯುವುದರೊಳಗೆ ಹಿಂದಿನ ಬೆಂಚುಗಳು ಖಾಲಿ. ನರ್ಸಿಂಗ್ ಕಲಿಸುವವರಿಗೆ ಇದೇನೂ ಹೊಸದಲ್ಲ, ಅಲ್ವಾ? ಆಮೇಲೆ ಸ್ಟಾಫ್ ರೂಮಿನಲ್ಲಿ ಒಂದೇ ಮಾತು ಕೇಳುತ್ತದೆ: "ಈಗಿನ ಹುಡುಗರಿಗೆ ಕಷ್ಟಪಡೋ ಮನಸ್ಸೇ ಇಲ್ಲ." ನಾನು ಇದನ್ನು ಒಪ್ಪುವುದಿಲ್ಲ. ಬಿಟ್ಟುಹೋದವರನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿ ನೋಡಿ. ಕೆಲಸ ಜಾಸ್ತಿ ಆಯಿತು ಅನ್ನುವವರು ಸಿಗುತ್ತಾರೆ, ನಿಜ. ಆದರೆ "ಸೇರುವಾಗ ಹೇಳಿದ್ದೇ ಬೇರೆ, ಇಲ್ಲಿರೋದೇ ಬೇರೆ" ಅಥವಾ "ವಾರ್ಡಿನಲ್ಲಿ ನಾನು ಯಾರಿಗೂ ಬೇಕಾಗಿರಲಿಲ್ಲ" ಅನ್ನುವ ಮಾತು ಅದಕ್ಕಿಂತ ಬೇಗ ಹೊರಗೆ ಬರುತ್ತದೆ. ಈ ಎರಡೂ ನಮ್ಮ ಕೈಯಲ್ಲಿರುವ ವಿಷಯಗಳು.

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಜನ ಕಡಿಮೆ ಬಿದ್ದಿದ್ದರು. 2030ರ ಹೊತ್ತಿಗೂ 41 ಲಕ್ಷದ ಕೊರತೆ ಉಳಿಯುತ್ತದೆ ಅನ್ನುವುದು ಅವರ ಅಂದಾಜು. ಅಂದರೆ ಈ ಕೋರ್ಸಿಗೆ ಬಂದ ಒಬ್ಬೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಹಾಗಂತ ಹೇಗಾದರೂ ಮಾಡಿ ಒಳಗೆ ಎಳೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕರೆಯುವಾಗ ಕೆಲಸವನ್ನು ಇದ್ದ ಹಾಗೇ ತೋರಿಸಿ. ಬಂದ ಮೇಲೆ ನಿಮ್ಮ ಶಕ್ತಿಯನ್ನು ಮೊದಲ ಕೆಲವು ವಾರಗಳ ಮೇಲೆ, ಮೊದಲ ವಾರ್ಡ್ ಪೋಸ್ಟಿಂಗ್ (ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಅವಧಿ) ಮೇಲೆ ಹಾಕಿ. ಉಳಿದದ್ದೆಲ್ಲ ಆಮೇಲೆ.

ಕರೆಯುವಾಗ ಏನು ಹೇಳಬೇಕು, ಏನು ಹೇಳಬಾರದು

ಮೊದಲು ಆ ದೇವತೆ ಭಾಷಣ ನಿಲ್ಲಿಸಿ. ತ್ಯಾಗ, ಸೇವೆ, ಕೈಯಲ್ಲಿ ದೀಪ ಹಿಡಿದ ಮಹಿಳೆ. ಹದಿನಾರು ಹದಿನೇಳು ವಯಸ್ಸಿನವರಿಗೆ ಇದು ಕೇಳಲು ಚೆನ್ನಾಗಿರುತ್ತದೆ, ಆದರೆ ಕೆಲಸ ಏನು ಅಂತ ಗೊತ್ತಾಗುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಹೇಳಲೇಬೇಕೆಂದಿದ್ದರೆ ಅವರು ಸಾವಿನ ಲೆಕ್ಕವನ್ನು ಚಿತ್ರ ಮಾಡಿ ಅಧಿಕಾರಿಗಳ ಮುಂದಿಟ್ಟದ್ದನ್ನು ಹೇಳಿ. ಕ್ರಿಮಿಯಾ ಯುದ್ಧದಲ್ಲಿ ಗಾಯದಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಜಾಸ್ತಿ ಅಂತ ಅಂಕಿಅಂಶದಲ್ಲಿ ತೋರಿಸಿದವರು ಅವರು. ಗಣಿತ ಇಷ್ಟಪಡುವ ಹುಡುಗ ಹುಡುಗಿಯರು ಆಗ ತಲೆ ಎತ್ತಿ ನೋಡುತ್ತಾರೆ.

ಇನ್ನೊಂದು ಸಂಗತಿ ಹೇಳಿ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆ, ಸರ್ಜರಿ ಆದವರು 30 ದಿನದೊಳಗೆ ಸಾಯುವ ಸಂಭವ 7 ಶೇಕಡಾದಷ್ಟು ಹೆಚ್ಚಾಗಿ ಕಂಡಿತು. ನರ್ಸ್ ಅಂದರೆ ಡಾಕ್ಟರ್ ಹೇಳಿದ್ದನ್ನು ಮಾಡುವವರು ಅಷ್ಟೇ ಅಂದುಕೊಂಡಿರುವವರಿಗೆ ಈ ಒಂದು ಮಾತು ಸಾಕು.

ಮಾತಿಗಿಂತ ಕೈಗೆ ಕೆಲಸ ಕೊಡುವುದು ಇನ್ನೂ ಒಳ್ಳೆಯದು. ಶಾಲೆಗೆ ಹೋದಾಗ ಪವರ್‌ಪಾಯಿಂಟ್ ಬಿಟ್ಟು ಇದನ್ನು ಮಾಡಿ ನೋಡಿ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಅದರಲ್ಲಿ ಒಬ್ಬ ರೋಗಿಯ ಮೂರು ಹೊತ್ತಿನ ಲೆಕ್ಕ ಇರಲಿ. ಬೆಳಿಗ್ಗೆ 6ಕ್ಕೆ ನಿಮಿಷಕ್ಕೆ ಉಸಿರು 16, ನಾಡಿ 82. 10ಕ್ಕೆ ಉಸಿರು 20, ನಾಡಿ 96. ಮಧ್ಯಾಹ್ನ 2ಕ್ಕೆ ಉಸಿರು 26, ನಾಡಿ 112. ಬಿಪಿ, ಜ್ವರ, ಆಕ್ಸಿಜನ್ ಎಲ್ಲ ಸರಿಯಾಗೇ ಇವೆ, ರೋಗಿ "ಏನಿಲ್ಲ, ಸ್ವಲ್ಪ ಸುಸ್ತು" ಅನ್ನುತ್ತಿದ್ದಾರೆ. ಈಗ ಕೇಳಿ: ನೀವು ಡಾಕ್ಟರನ್ನು ಯಾವಾಗ ಕರೆಯುತ್ತೀರಿ? ಕ್ಲಾಸು ಎರಡು ಗುಂಪಾಗಿ ಜಗಳ ಶುರುವಾಗುತ್ತದೆ, ಆಗಲಿ ಬಿಡಿ. ಆಮೇಲೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಎಚ್ಚರಿಕೆ ಸ್ಕೋರ್ ತೋರಿಸಿ. ಉಸಿರು 25 ಅಥವಾ ಜಾಸ್ತಿ ಇದ್ದರೆ 3 ಅಂಕ, ನಾಡಿ 111ರಿಂದ 130ರೊಳಗೆ ಇದ್ದರೆ 2 ಅಂಕ. ಒಟ್ಟು 5. ಐದಾದರೆ ತುರ್ತಾಗಿ ಬಂದು ನೋಡಬೇಕು ಅಂತ ನಿಯಮ. ಬಿಪಿ ಬೀಳುವುದಕ್ಕೆ ಮುಂಚೆಯೇ, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದವರಿಗೆ ಮಾತ್ರ ಈ ರೋಗಿ ಕೆಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ನರ್ಸ್ ಕೆಲಸದ ತಿರುಳು ಇಪ್ಪತ್ತು ನಿಮಿಷದಲ್ಲಿ ಅವರ ಕೈಗೇ ಸಿಕ್ಕಿತು.

ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವ ಚಿಕಿತ್ಸೆ) ಕಲಿಸುವ ಬೊಂಬೆ ಇದ್ದರೆ ಅದನ್ನೂ ಒಯ್ಯಿರಿ. ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷ ಬಿಡದೆ ಒತ್ತಿದವರಿಗೆ ಇದು ಮೈಮುರಿಯುವ ಕೆಲಸ ಅಂತಲೂ ಗೊತ್ತಾಗುತ್ತದೆ.

ಇದರ ಜೊತೆಗೇ ಕಹಿ ವಿಷಯಗಳನ್ನೂ ಹೇಳಿ. ರಾತ್ರಿ ಡ್ಯೂಟಿ ಇರುತ್ತದೆ. ಗಂಟೆಗಟ್ಟಲೆ ನಿಂತಿರಬೇಕು. ಮಲ, ಮೂತ್ರ, ವಾಂತಿ, ಕೀವು ಎಲ್ಲ ಮುಟ್ಟಬೇಕು. ಕೆಲವರು ನಿಮ್ಮ ಕಣ್ಣೆದುರೇ ಸಾಯುತ್ತಾರೆ. ಓದು ಹಗುರ ಅಲ್ಲ. ಇದನ್ನೆಲ್ಲ ಕೇಳಿ ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಇದು ಇಷ್ಟವಾಗದೆ ಇರಬಹುದು. ಆದರೆ ಮುಚ್ಚಿಟ್ಟು ಸೇರಿಸಿಕೊಂಡವರು ಹೇಗಿದ್ದರೂ ಎರಡನೇ ತಿಂಗಳಲ್ಲಿ ಹೋಗುತ್ತಾರೆ. ಹೋಗುವಾಗ ಅವರ ಒಂದು ವರ್ಷವನ್ನೂ ಇನ್ನೊಬ್ಬರ ಸೀಟನ್ನೂ ತೆಗೆದುಕೊಂಡು ಹೋಗುತ್ತಾರೆ.

ಮಾತಾಡಲು ಪ್ರಿನ್ಸಿಪಾಲರನ್ನು ಕಳಿಸಬೇಡಿ, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕಳಿಸಿ. ಏನು ಹೇಳಬೇಕು ಅಂತ ಬರೆದುಕೊಡಬೇಡಿ. "ಮೊದಲ ಸಲ ಗಾಯ ನೋಡಿದಾಗ ತಲೆ ತಿರುಗಿತಾ?" ಅಂತ ಅವರನ್ನು ಕೇಳುತ್ತಾರೆ, ನಮ್ಮನ್ನು ಕೇಳುವುದಿಲ್ಲ.

ಹುಡುಗರ ವಿಷಯ. ಮೇಲೆ ಹೇಳಿದ 2025ರ ವರದಿಯಲ್ಲೇ ಇದೆ, ಜಗತ್ತಿನ ನರ್ಸ್‌ಗಳಲ್ಲಿ ಸುಮಾರು 85 ಶೇಕಡಾ ಹೆಂಗಸರು. ಪೋಸ್ಟರಿನ ಮೂಲೆಯಲ್ಲಿ ಒಬ್ಬ ಗಂಡು ನರ್ಸ್ ಫೋಟೋ ಹಾಕಿದರೆ ಇದು ಬದಲಾಗುವುದಿಲ್ಲ. ಹುಡುಗರು ಕೇಳುವುದು ಬೇರೆಯೇ: ಹೆರಿಗೆ ವಾರ್ಡಿಗೆ ನಮ್ಮನ್ನು ಬಿಡುತ್ತಾರಾ, ಭಾರ ಎತ್ತೋಕೆ ಮಾತ್ರ ಕರೀತಾರಾ, ಬಟ್ಟೆ ಬದಲಿಸಲು ಜಾಗ ಇದೆಯಾ. ಈ ಮೂರಕ್ಕೂ ನಿಮ್ಮ ಬಳಿ ನೇರ ಉತ್ತರ ಇರಬೇಕು. ಹೆರಿಗೆ ವಾರ್ಡಿನಲ್ಲಿ ತಾಯಿಯ ಒಪ್ಪಿಗೆಯನ್ನು ಯಾರು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಅನ್ನುವುದನ್ನು ಮೊದಲೇ ವಾರ್ಡಿನವರ ಜೊತೆ ಮಾತಾಡಿ ಇಟ್ಟುಕೊಳ್ಳಿ. ಹುಡುಗನೇ ಹೋಗಿ ಕೇಳಿ, ಬೈಸಿಕೊಂಡು ಬರುವ ಹಾಗೆ ಮಾಡಬೇಡಿ.

ತಂದೆತಾಯಿಗಳ ಜೊತೆ ಬೇರೆಯಾಗಿ ಕೂತು ಮಾತಾಡಿ. ಅವರ ಪ್ರಶ್ನೆಗಳು ಸಂಬಳ, ರಾತ್ರಿ ಓಡಾಟ, ಸುರಕ್ಷತೆ, ಮುಂದೆ ಏನು ಓದಬಹುದು ಅನ್ನುವುದರ ಸುತ್ತ ಇರುತ್ತವೆ. ಐಸಿಯು, ಆಪರೇಷನ್ ಥಿಯೇಟರ್, ಮಾನಸಿಕ ಆರೋಗ್ಯ, ಮಕ್ಕಳ ವಿಭಾಗ, ಡಯಾಲಿಸಿಸ್, ಸಮುದಾಯ ಆರೋಗ್ಯ, ಸಂಶೋಧನೆ, ಪಾಠ ಹೇಳುವುದು, ಹೀಗೆ ಎಷ್ಟು ದಾರಿಗಳಿವೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ.

ರೀಲ್ಸ್ ಮಾಡಿ, ಬೇಡ ಅನ್ನುವುದಿಲ್ಲ. ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಸ್ಕಿಲ್ ಲ್ಯಾಬಿನಲ್ಲಿ ಮಾತ್ರ. ರೋಗಿಯ ಮುಖ, ಕೇಸ್ ಶೀಟು, ಹಿಂದುಗಡೆ ಕಾಣುವ ಹಾಸಿಗೆ ನಂಬರ್ ಸಹ ಬರಬಾರದು. ಇದನ್ನು ಇಲ್ಲೇ ಕಲಿಸದಿದ್ದರೆ ಮುಂದೆ ದೊಡ್ಡ ತಲೆನೋವು.

ಸಾಧ್ಯವಾದರೆ ಅಡ್ಮಿಷನ್ ಖಚಿತಪಡಿಸುವ ಮುಂಚೆ ಅರ್ಧ ದಿನ ವಾರ್ಡ್ ನೋಡಿಬರಲು ವ್ಯವಸ್ಥೆ ಮಾಡಿ. ಅದರ ಬಗ್ಗೆ ಇಷ್ಟೇ.

ಮೊದಲ ವಾರಗಳು

ಕಾಲೇಜು ಬಿಡುವವರ ಬಗ್ಗೆ ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೋ 1975ರಲ್ಲಿ ಹೇಳಿದ ಮಾತನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ವಿದ್ಯಾರ್ಥಿ ಎರಡು ಕಡೆ ಬೆರೆಯಬೇಕು, ಓದಿನಲ್ಲಿ ಮತ್ತು ಜನರಲ್ಲಿ. ಎರಡೂ ಕಡೆ ಬೆರೆಯದವರು ಬಿಡುವುದು ಜಾಸ್ತಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ನಮ್ಮ ಟೈಮ್ ಟೇಬಲ್ ನೋಡಿ. ಮೊದಲ ತಿಂಗಳೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಪಕ್ಕದಲ್ಲಿ ಕೂತವರ ಹೆಸರು ಕೇಳಲೂ ಪುರುಸೊತ್ತಿಲ್ಲ. ನಮಗೇ ಹೆಸರುಗಳು ಬರುವುದಿಲ್ಲ, ರೋಲ್ ನಂಬರ್ ಬರುತ್ತದೆ.

ಹೆಸರುಗಳನ್ನು ಎರಡು ವಾರದೊಳಗೆ ಕಲಿಯಿರಿ. ಬಾಯಿಪಾಠ ಮಾಡಿಯಾದರೂ ಕಲಿಯಿರಿ. ಐದಾರು ಜನರ ಸಣ್ಣ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ಸೀನಿಯರ್ ಕೊಡಿ, ಆ ಗುಂಪು ಲ್ಯಾಬಿನಲ್ಲೂ ವಾರ್ಡಿನಲ್ಲೂ ಒಟ್ಟಿಗೇ ಇರಲಿ. ಸೀನಿಯರ್ ಆದವರು ಚುರುಕಾಗಿ ಮೊದಲ ರ‍್ಯಾಂಕ್ ತೆಗೆಯುವವರೇ ಆಗಬೇಕಿಲ್ಲ. ಮೊದಲ ವರ್ಷ ತಿಣುಕಿ ಹೇಗೋ ದಾಟಿದವರು ಈ ಕೆಲಸಕ್ಕೆ ಜಾಸ್ತಿ ಒಗ್ಗುತ್ತಾರೆ.

ಓದಿನ ವಿಷಯಕ್ಕೆ ಬಂದರೆ, ಹೆಚ್ಚಿನವರು ನೋಟ್ಸನ್ನು ಮತ್ತೆ ಮತ್ತೆ ಓದಿ, ಬಣ್ಣ ಬಳಿದು, ಬಂತು ಅಂದುಕೊಳ್ಳುತ್ತಾರೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಚೆಂದದ ಪ್ರಯೋಗ ಮಾಡಿದರು. ಒಂದೇ ಪಾಠವನ್ನು ಕೆಲವರು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದೆ. ಹಿಂದಿನ ರಾತ್ರಿ ಓದಿ ಎಲ್ಲ ಬಂತು ಅಂದುಕೊಂಡವರು ಮುಂದಿನ ವಾರ ಯಾಕೆ ಕೈಚೆಲ್ಲುತ್ತಾರೆ ಅನ್ನುವುದಕ್ಕೆ ಇದು ಉತ್ತರ. ಹಾಗಾಗಿ ಪ್ರತಿ ಕ್ಲಾಸ್ ಶುರುವಿಗೆ ಹಿಂದಿನ ವಾರದ ಪಾಠದಿಂದ ಮೂರು ಪ್ರಶ್ನೆ ಕೇಳಿ. ಮಾರ್ಕ್ಸ್ ಬೇಡ, ಹಾಳೆ ಕಲೆಕ್ಟ್ ಮಾಡುವುದೂ ಬೇಡ. ಮಾರ್ಕ್ಸ್ ಇಟ್ಟ ಕೂಡಲೇ ಅದು ಹೆದರಿಸುವ ಸಾಧನ ಆಗಿಬಿಡುತ್ತದೆ.

ಲೆಕ್ಕದ ಭಯ ಇನ್ನೊಂದು. ಡೋಸ್, ಡ್ರಿಪ್ ರೇಟ್ ಅಂದರೆ ಬೆವರುವವರು ತುಂಬ ಜನ, ಇದೊಂದರಿಂದಲೇ "ನಾನು ಇದಕ್ಕೆ ಲಾಯಕ್ಕಿಲ್ಲ" ಅಂತ ತೀರ್ಮಾನಿಸುವವರೂ ಇದ್ದಾರೆ. ಫಾರ್ಮುಲಾ ಬೋರ್ಡಿನಲ್ಲಿ ಬರೆಯುವ ಮುಂಚೆ ಒಂದು ಡ್ರಿಪ್ ಸೆಟ್ ತೂಗು ಹಾಕಿ, ಕೆಳಗೆ ಬಕೆಟ್ ಇಟ್ಟು, ಕೈಗೆ ಗಡಿಯಾರ ಕೊಡಿ. 1000 ಮಿಲಿಲೀಟರ್ ನೀರು 8 ಗಂಟೆಯಲ್ಲಿ ಹೋಗಬೇಕು, ಈ ಸೆಟ್ಟಿನಲ್ಲಿ 1 ಮಿಲಿಲೀಟರಿಗೆ 20 ಹನಿ. ಒಟ್ಟು ಹನಿ ಎಷ್ಟು? 20,000. ಒಟ್ಟು ನಿಮಿಷ ಎಷ್ಟು? 480. ಭಾಗಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 42. ಈಗ ಕ್ಲಾಂಪ್ ತಿರುಗಿಸಿ 42ಕ್ಕೆ ತನ್ನಿ ಅನ್ನಿ. ಕಣ್ಣಿಗೆ 42 ಹನಿ ಹೇಗೆ ಕಾಣುತ್ತದೆ ಅಂತ ಒಮ್ಮೆ ಗೊತ್ತಾದರೆ, ಮುಂದೆ ಉತ್ತರ 420 ಬಂದಾಗ ಅದು ತಪ್ಪು ಅಂತ ಅವರಿಗೇ ಹೊಳೆಯುತ್ತದೆ.

ಸ್ಕಿಲ್ ಲ್ಯಾಬ್: ತಪ್ಪು ಮಾಡಲು ಇರುವ ಜಾಗ

ಅಮೆರಿಕದ ನರ್ಸಿಂಗ್ ಬೋರ್ಡ್‌ಗಳ ರಾಷ್ಟ್ರೀಯ ಮಂಡಳಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ವಾರ್ಡ್ ಗಂಟೆಗಳಲ್ಲಿ ಅರ್ಧದವರೆಗೆ ಒಳ್ಳೆಯ ಸಿಮ್ಯುಲೇಶನ್ (ಬೊಂಬೆಯನ್ನೇ ರೋಗಿ ಅಂದುಕೊಂಡು ಮಾಡುವಂಥ ಅಭ್ಯಾಸ) ಇಟ್ಟರೂ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಒಳ್ಳೆಯ ಅನ್ನುವ ಮಾತನ್ನು ಗಮನಿಸಿ. ಬೊಂಬೆ ಇದ್ದ ಮಾತ್ರಕ್ಕೆ ಸಿಮ್ಯುಲೇಶನ್ ಆಗುವುದಿಲ್ಲ. ಅದನ್ನು ನಡೆಸಲು ಗೊತ್ತಿರುವ ಟೀಚರ್ ಬೇಕು, ಮುಗಿದ ಮೇಲೆ ಕೂತು ಮಾತಾಡುವ ಸಮಯ ಬೇಕು. ಆಟ ಹದಿನೈದು ನಿಮಿಷ ನಡೆದರೆ ಮಾತು ಅದಕ್ಕಿಂತ ಜಾಸ್ತಿ ಹೊತ್ತು ನಡೆಯಬೇಕು. ಆ ಮಾತು "ನೀನು ಇದನ್ನು ಯಾಕೆ ಮಾಡಲಿಲ್ಲ?" ಅಂತ ಶುರುವಾಗಬಾರದು. "ಆಗ ನಿನಗೆ ಏನು ಕಾಣಿಸಿತು, ಏನು ಅನ್ನಿಸಿತು?" ಅಂತ ಕೇಳಿ. ಕೈ ತೊಳೆಯಲು ಮರೆತದ್ದು ಅವರ ಬಾಯಿಂದಲೇ ಹೊರಗೆ ಬರುತ್ತದೆ.

ಮೊದಲ ವರ್ಷದವರ ಮುಂದೆ ಬೊಂಬೆಯನ್ನು ಹೇಳದೆ ಕೇಳದೆ ಸಾಯಿಸಬೇಡಿ. ನಾಟಕೀಯವಾಗಿರುತ್ತದೆ ಅಂತ ಕೆಲವರು ಮಾಡುತ್ತಾರೆ. ಕಲಿಯುವವರಿಗೆ ಅದರಿಂದ ಸಿಗುವುದು ಹೆದರಿಕೆ ಮಾತ್ರ.

ವಾರ್ಡ್: ಉಳಿಯುವುದೂ ಬಿಡುವುದೂ ಇಲ್ಲೇ

ಟ್ರೇಸಿ ಲೆವೆಟ್-ಜೋನ್ಸ್ ಮತ್ತು ಜೂಡಿತ್ ಲ್ಯಾಥ್ಲೀನ್ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ಮಾಡಿದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ವಾರ್ಡಿನಲ್ಲಿ ನಾನೂ ಇವರಲ್ಲಿ ಒಬ್ಬ ಅನ್ನಿಸಿದರೆ ಕಲಿಕೆ ಸಲೀಸು. ಅನ್ನಿಸದಿದ್ದರೆ ಗಮನವೆಲ್ಲ ಅವರು ತನ್ನನ್ನು ಒಪ್ಪಿಕೊಳ್ಳುವಂತೆ ಮಾಡುವುದರಲ್ಲೇ ಹೋಗುತ್ತದೆ. ಇನ್ನೂ ಗಾಬರಿಯ ವಿಷಯ, ಹೊರಗಿನವರಾಗಿ ಕಾಣಬಾರದು ಅಂತ ಕೆಲವರು ತಪ್ಪು ಅಂತ ಗೊತ್ತಿರುವ ಪದ್ಧತಿಗೂ ತಲೆಯಾಡಿಸುತ್ತಾರೆ. ಅಂದರೆ ವಾರ್ಡಿನಲ್ಲಿ ಹುಡುಗರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದು ರೋಗಿಯ ಸುರಕ್ಷತೆಯ ಪ್ರಶ್ನೆ ಕೂಡ.

ಪೋಸ್ಟಿಂಗ್ ಶುರುವಾಗುವ ಒಂದು ವಾರ ಮುಂಚೆ ನೀವೇ ಆ ವಾರ್ಡಿಗೆ ಹೋಗಿ. ಫೋನ್ ಸಾಲದು. ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಬರುವವರ ಹೆಸರುಗಳು ವಾರ್ಡಿನ ಬೋರ್ಡಿನಲ್ಲಿ ಇರಬೇಕು. ಯಾವ ದಿನ ಯಾವ ಸ್ಟಾಫ್ ನರ್ಸ್ ಜೊತೆ ಯಾರು ಅನ್ನುವುದು ಮೊದಲೇ ಗೊತ್ತಿರಬೇಕು. ಈ ಹಂತದವರು ಏನು ಮಾಡಬಹುದು, ಏನು ನೋಡಬಹುದು, ಏನು ಮುಟ್ಟುವಂತಿಲ್ಲ ಅನ್ನುವ ಒಂದು ಪುಟದ ಪಟ್ಟಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿರಬೇಕು. ಈ ಪಟ್ಟಿ ಇಲ್ಲದಿದ್ದರೆ ಎರಡೇ ಗತಿ. ಒಂದೋ ಹುಡುಗರು ಮೂಲೆಯಲ್ಲಿ ಗೋಡೆಗೊರಗಿ ನಿಲ್ಲುತ್ತಾರೆ, ಇಲ್ಲವೇ ಸ್ಯಾಂಪಲ್ ಕೊಟ್ಟು ಬಾ, ಟ್ರಾಲಿ ತಳ್ಳು, ಎಲ್ಲರ ಟೆಂಪರೇಚರ್ ನೋಡು ಅಂತ ಇಡೀ ಪೋಸ್ಟಿಂಗ್ ಕಳೆದುಹೋಗುತ್ತದೆ. ಸ್ಟಾಫ್ ನರ್ಸ್‌ಗಳನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಮೊದಲೇ ಕೈತುಂಬ ಕೆಲಸ, ಅದರ ಮೇಲೆ ಯಾರೂ ಹೇಳದೆ ಎಂಟು ಜನರನ್ನು ತಂದು ಬಿಟ್ಟರೆ ಅವರಾದರೂ ಏನು ಮಾಡಬೇಕು?

ಮೊದಲ ದಿನ ಒಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿ, ಅಷ್ಟೇ. ಸಣ್ಣ ಕೆಲಸ ಕೊಡಿ, ಆದರೆ ಪೂರ್ತಿ ಅವರದೇ ಆಗಿರಲಿ. ಈ ರೋಗಿಯ ಜೊತೆ ಹತ್ತು ನಿಮಿಷ ಮಾತಾಡು, ಉಸಿರು ಎಣಿಸು, ಹಾಸಿಗೆ ಸರಿಮಾಡು, ಅವರಿಗೆ ಇವತ್ತು ಅತಿ ಹೆಚ್ಚು ತೊಂದರೆ ಕೊಡುತ್ತಿರುವುದು ಏನು ಅಂತ ನನಗೆ ಬಂದು ಹೇಳು. ಮನೆಗೆ ಹೋಗುವಾಗ "ನಾನು ಒಬ್ಬರಿಗೆ ಏನೋ ಮಾಡಿದೆ" ಅನ್ನುವ ಭಾವನೆ ಇರಬೇಕು. ಮೊದಲ ದಿನವೇ ಹತ್ತು ಪುಟದ ಕೇರ್ ಪ್ಲಾನ್ (ರೋಗಿಯ ಶುಶ್ರೂಷೆಯ ಯೋಜನೆ) ಬರೆಸುವ ಚಟ ದಯವಿಟ್ಟು ಬಿಡಿ. ರಾತ್ರಿ ಎರಡರವರೆಗೆ ಕಾಪಿ ಮಾಡುತ್ತಾ ಕೂತವರು ಬೆಳಿಗ್ಗೆ ರೋಗಿಯ ಮುಖ ನೋಡುವುದಿಲ್ಲ, ಫೈಲು ನೋಡುತ್ತಾರೆ.

ಮೈ ಸುಸ್ತಾಗುವ ವಿಷಯಗಳನ್ನು ನಾಚಿಕೆಯಿಲ್ಲದೆ ಮೊದಲೇ ಹೇಳಿ. ಗಾಯ ನೋಡಿ ತಲೆ ತಿರುಗುವುದು ಮಾಮೂಲು. ತಿಂಡಿ ತಿಂದೇ ಬನ್ನಿ, ಮಂಡಿ ಬಿಗಿಯಾಗಿ ಹಿಡಿದು ನಿಲ್ಲಬೇಡಿ, ಕಣ್ಣು ಮಂಜಾದರೆ "ಸಿಸ್ಟರ್, ಕೂರ್ತೀನಿ" ಅಂದು ಅಲ್ಲೇ ಕೂತುಬಿಡಿ. ಇದನ್ನು ಹೇಳಿಸಿಕೊಂಡವರು ಬಿದ್ದರೂ ಮರುದಿನ ಬರುತ್ತಾರೆ. ಹೇಳಿಸಿಕೊಳ್ಳದವರು ತಾವೊಬ್ಬರೇ ಹೀಗೆ ಅಂದುಕೊಂಡು ಬರುವುದನ್ನೇ ನಿಲ್ಲಿಸುತ್ತಾರೆ.

ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು ಅನ್ನುವುದನ್ನೂ ಪೋಸ್ಟಿಂಗಿಗೆ ಮುಂಚೆಯೇ ಹೇಳಬೇಕು. ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆ ಆಗದವರನ್ನು ವಾರ್ಡಿಗೆ ಕಳಿಸಲೇಬೇಡಿ. ಬೈಸಿಕೊಳ್ಳಬೇಕಾಗುತ್ತೆ ಅಂತ ಹೆದರಿ ಚುಚ್ಚಿದ್ದನ್ನು ಮುಚ್ಚಿಡುವ ಹುಡುಗಿಗೆ ಈ ಗಂಟೆಗಳು ಸುಮ್ನೆ ಜಾರಿಹೋಗುತ್ತವೆ.

ಬೈಗುಳದ ವಿಷಯಕ್ಕೆ ಬರೋಣ. ನರ್ಸ್‌ಗಳು ತಮ್ಮ ಮರಿಗಳನ್ನೇ ತಿನ್ನುತ್ತಾರೆ ಅನ್ನುವ ಕಹಿ ಮಾತನ್ನು ಜೂಡಿತ್ ಮೈಸ್ನರ್ 1986ರಲ್ಲೇ ಬರೆದರು. ಇವತ್ತಿಗೂ ಅದು ಹಳತಾಗಿಲ್ಲ. "ನಮ್ಮನ್ನೂ ಹೀಗೇ ಬೈದು ಕಲಿಸಿದ್ದು, ನಾವೇನು ಹಾಳಾದೆವಾ?" ಅನ್ನುವವರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಆಗ ಬೈಸಿಕೊಂಡು ಬಿಟ್ಟುಹೋದವರು ಉತ್ತರ ಹೇಳಲು ಇಲ್ಲಿ ಇಲ್ಲವಲ್ಲ. ರೋಗಿಯ ಎದುರು ಬೈಯುವುದಿಲ್ಲ ಅನ್ನುವ ಒಂದು ನಿಯಮವನ್ನಾದರೂ ವಾರ್ಡಿನವರ ಜೊತೆ ಒಪ್ಪಂದ ಮಾಡಿಕೊಳ್ಳಿ. ತಪ್ಪಾದಾಗ ಮೊದಲು ರೋಗಿಯನ್ನು ನೋಡಿ, ಆಮೇಲೆ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಇಷ್ಟು ಹೇಳಿದರೆ ಸಾಕು: "ರೋಗಿ ಈಗ ಸರಿ ಇದ್ದಾರೆ. ನೀನು ಬಂದು ಹೇಳಿದ್ದು ಒಳ್ಳೆಯದಾಯಿತು. ಏನಾಯ್ತು ಅಂತ ಮೊದಲಿಂದ ಹೇಳು, ಒಟ್ಟಿಗೆ ಬರೆಯೋಣ." ತಪ್ಪು ಗಂಭೀರವಾಗಿದ್ದರೆ ಕ್ರಮವೂ ಇರಲಿ. ಆದರೆ ಹೇಳಿಕೊಂಡವರಿಗೂ ಮುಚ್ಚಿಟ್ಟವರಿಗೂ ಒಂದೇ ಶಿಕ್ಷೆಯಾದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಮೊದಲ ಸಾವು. ಅದು ಯಾವ ದಿನ ಬರುತ್ತದೋ ಗೊತ್ತಿರುವುದಿಲ್ಲ, ಆದರೆ ಬರುತ್ತದೆ. ಆ ದಿನ ಆ ವಿದ್ಯಾರ್ಥಿ ಒಂಟಿಯಾಗಿ ಹಾಸ್ಟೆಲ್ಲಿಗೋ ಮನೆಗೋ ಹೋಗಬಾರದು. ದೇಹಕ್ಕೆ ಮಾಡಬೇಕಾದ ಕೊನೆಯ ಶುಶ್ರೂಷೆಯಲ್ಲಿ ಜೊತೆಗಿರುತ್ತೀಯಾ ಅಂತ ಕೇಳಿ, ಬೇಡ ಅಂದರೆ ಒತ್ತಾಯ ಮಾಡಬೇಡಿ. ಇರುತ್ತೇನೆ ಅಂದವರ ಪಕ್ಕ ನೀವು ನಿಲ್ಲಿ. ಅವರು ಅತ್ತರೆ ಅಳಲಿ. ಅಳದವರ ಬಗ್ಗೆ "ಪರವಾಗಿಲ್ಲ, ಗಟ್ಟಿ ಹುಡುಗ" ಅಂತ ತೀರ್ಪು ಕೊಡಬೇಡಿ. ಎರಡು ದಿನ ಬಿಟ್ಟು ಅವನನ್ನೂ ಮಾತಾಡಿಸಿ.

ಹೆಚ್ಚಿನ ಕಾಲೇಜುಗಳು ಅನುಭವಿ ಟೀಚರುಗಳನ್ನು ಕ್ಲಾಸಿನಲ್ಲಿ ಇಟ್ಟುಕೊಂಡು, ಹೊಸದಾಗಿ ಸೇರಿದ ಟ್ಯೂಟರುಗಳನ್ನು ವಾರ್ಡಿಗೆ ಕಳಿಸುತ್ತವೆ. ನನ್ನ ಪ್ರಕಾರ ಇದು ತಲೆಕೆಳಗು. ಮೊದಲ ಪೋಸ್ಟಿಂಗಿಗೆ ನಿಮ್ಮಲ್ಲಿ ಇರುವ ಅತ್ಯಂತ ತಾಳ್ಮೆಯ, ಕೈಪಳಗಿದ ಮನುಷ್ಯರನ್ನು ಕಳಿಸಿ. ಪಾಠವನ್ನು ಯಾರಾದರೂ ಹೇಳಬಹುದು.

ಬಿಡುವ ಲಕ್ಷಣ ಮೊದಲೇ ಕಾಣುತ್ತದೆ

ಯಾರೂ ಒಂದು ಬೆಳಿಗ್ಗೆ ಎದ್ದು ಇದ್ದಕ್ಕಿದ್ದಂತೆ ಬಿಡುವುದಿಲ್ಲ. ವಾರ್ಡ್ ದಿನಗಳಲ್ಲೇ ಹುಷಾರು ತಪ್ಪುವುದು, ಫೈಲು ತಡವಾಗುವುದು, ಮುಂದಿನ ಬೆಂಚಿನವರು ಹಿಂದಕ್ಕೆ ಹೋಗುವುದು, ಗುಂಪಿನ ಮೆಸೇಜಿಗೆ ಉತ್ತರ ನಿಲ್ಲುವುದು. ಎರಡನೇ ಗೈರುಹಾಜರಿಗೇ ಫೋನ್ ಮಾಡಿ, ಅಟೆಂಡೆನ್ಸ್ ಕೊರತೆಯ ನೋಟಿಸ್ ಬರುವವರೆಗೆ ಕಾಯಬೇಡಿ. "ಯಾಕೆ ಬಂದಿಲ್ಲ?" ಅಂತ ಕೇಳಿದರೆ ಸುಳ್ಳು ನೆಪ ಬರುತ್ತದೆ. "ನೀನು ಕಾಣಲಿಲ್ಲ, ಹೇಗಿದ್ದೀಯಮ್ಮಾ?" ಅಂದು ನೋಡಿ.

ಮಾತಿಗೆ ಕೂತಾಗ ಒಂದನ್ನು ಬೇರ್ಪಡಿಸಿಕೊಳ್ಳಿ: ಓದು ತಲೆಗೆ ಹತ್ತುತ್ತಿಲ್ಲವೋ, ವಾರ್ಡ್ ಸಹಿಸಲು ಆಗುತ್ತಿಲ್ಲವೋ, ಹಣವೋ ಮನೆಯೋ ಕಾಲು ಹಿಡಿದು ಎಳೆಯುತ್ತಿದೆಯೋ. ಮೂರಕ್ಕೂ ಔಷಧಿ ಬೇರೆ. ಓದಿಗೆ ಜೊತೆಗಾರರು, ಹಿಂದಿನ ಪ್ರಶ್ನೆಗಳು, ವಾರಕ್ಕೊಂದು ಗಂಟೆ ನಿಮ್ಮ ಸಮಯ. ವಾರ್ಡಿಗೆ ಬೇರೆ ವಾರ್ಡ್ ಅಥವಾ ಬೇರೆ ಸ್ಟಾಫ್ ನರ್ಸ್. ಹಣಕ್ಕೆ ಸ್ಕಾಲರ್‌ಶಿಪ್ ಅರ್ಜಿ, ಕಂತು, ಶುಲ್ಕ ವಿಭಾಗದ ಜೊತೆ ನೀವೇ ಹೋಗಿ ಮಾತಾಡುವುದು. ಅರ್ಜಿ ಕೊಟ್ಟು ತುಂಬಿಕೊಂಡು ಬಾ ಅಂದರೆ ಅರ್ಧ ಜನ ತುಂಬುವುದಿಲ್ಲ. ಡ್ಯೂಟಿ ಪಟ್ಟಿಯನ್ನು ತಿಂಗಳು ಮುಂಚೆ ಕೊಡಿ. ಪಾರ್ಟ್ ಟೈಮ್ ಕೆಲಸ ಮಾಡಿಕೊಂಡು ಓದುವವರಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೊನೇ ಗಳಿಗೆಯಲ್ಲಿ ಬದಲಾಗುವ ಪಟ್ಟಿಗಿಂತ ದೊಡ್ಡ ಶತ್ರು ಇಲ್ಲ. ನಿಮಗೆ ಖರ್ಚಿಲ್ಲದ ಸಹಾಯ ಅಂದರೆ ಇದೇ.

ಮಾನಸಿಕವಾಗಿ ಕುಗ್ಗಿದವರನ್ನು ನೀವೇ ಸರಿಮಾಡಲು ಹೋಗಬೇಡಿ. ಕೌನ್ಸೆಲರ್ ಹತ್ತಿರ ಜೊತೆಗೆ ನಡೆದು ಹೋಗಿ ಬಿಟ್ಟು ಬನ್ನಿ.

ಎಲ್ಲರನ್ನೂ ಉಳಿಸಿಕೊಳ್ಳಲೇಬೇಕು ಅಂತಲೂ ಇಲ್ಲ. ಕೆಲವರಿಗೆ ಈ ಕೆಲಸ ನಿಜವಾಗಿ ಬೇಡ. ಮನೆಯವರ ಒತ್ತಾಯಕ್ಕೆ ಬಂದಿರುತ್ತಾರೆ. ಮನಸ್ಸಿಲ್ಲದ ಕೈಗೆ ರೋಗಿಯನ್ನು ಒಪ್ಪಿಸುವುದು ರೋಗಿಗೂ ಅನ್ಯಾಯ. ಅಂಥವರಿಗೆ ಸರ್ಟಿಫಿಕೇಟುಗಳನ್ನು ತಡೆಹಿಡಿದು ಸತಾಯಿಸದೆ, ಮುಂದೆ ಏನು ಓದಬಹುದು ಅಂತ ಹೇಳಿ ಮರ್ಯಾದೆಯಿಂದ ಕಳಿಸಿಕೊಡಿ.

ಕೊನೆಯ ವರ್ಷ, ಮತ್ತು ಅದರಾಚೆಯ ಕೆಲವು ತಿಂಗಳು

ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ನಡೆಯುವುದಕ್ಕೂ ಇರುವ ಅಂತರ ನೋಡಿ ಹೊಸ ನರ್ಸ್‌ಗಳು ಬೆಚ್ಚಿಬೀಳುವುದನ್ನು ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ ವಿವರಿಸಿದ್ದರು. ಇನ್ನೊಬ್ಬ ಸಂಶೋಧಕಿ ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ನರ್ಸ್ ಬೆಳೆಯುವ ಐದು ಹಂತ ಹೇಳಿದರು. ಹೊಸಬರು, ಸ್ವಲ್ಪ ಮುಂದುವರಿದ ಹೊಸಬರು, ಸಮರ್ಥರು, ನುರಿತವರು, ಪರಿಣತರು. ಕೋರ್ಸ್ ಮುಗಿಸಿ ಹೊರಬಂದವರು ಹೆಚ್ಚೆಂದರೆ ಎರಡನೇ ಹಂತದಲ್ಲಿರುತ್ತಾರೆ. ಈ ಪಟ್ಟಿಯನ್ನು ಕೊನೆಯ ವರ್ಷದವರ ಕೈಗೆ ಕೊಟ್ಟು ನೀನು ಇಲ್ಲಿದ್ದೀಯ ಅಂತ ಬೆರಳಿಟ್ಟು ತೋರಿಸಿ. ಕೆಲಸಕ್ಕೆ ಸೇರಿದ ಮೂರನೇ ವಾರ ಹತ್ತು ವರ್ಷದ ಅನುಭವಿಯ ವೇಗಕ್ಕೆ ತನ್ನನ್ನು ಹೋಲಿಸಿಕೊಂಡು ಕುಸಿಯುವುದು ಆಗ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಒಬ್ಬರಲ್ಲ, ಮೂರ್ನಾಲ್ಕು ರೋಗಿಗಳನ್ನು ಒಟ್ಟಿಗೆ ನೋಡಿಕೊಳ್ಳುವುದನ್ನು, ಯಾರ ಹತ್ತಿರ ಮೊದಲು ಹೋಗಬೇಕು ಅಂತ ತೀರ್ಮಾನಿಸುವುದನ್ನು, ರಾತ್ರಿ ಡಾಕ್ಟರಿಗೆ ಫೋನಿನಲ್ಲಿ ನಾಲ್ಕು ವಾಕ್ಯದಲ್ಲಿ ವಿಷಯ ಹೇಳುವುದನ್ನು ಅಭ್ಯಾಸ ಮಾಡಿಸಿ.

ಪಾಸಾದವರನ್ನು ಕೆಲಸದ ಮೂರನೇ ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಕರೆಯಿರಿ. ಅವರಿಗೆ ಹಗುರಾಗುತ್ತದೆ, ನಿಮಗೆ ಏನನ್ನು ಕಲಿಸದೆ ಬಿಟ್ಟಿದ್ದೀರಿ ಅಂತ ಗೊತ್ತಾಗುತ್ತದೆ.

ನಾವು, ಮತ್ತು ನಮ್ಮ ಲೆಕ್ಕದ ಪುಸ್ತಕ

ಕಾರಿಡಾರಿನಲ್ಲಿ ಟೀಚರುಗಳೇ "ಈ ಫೀಲ್ಡಿಗೆ ಯಾಕಾದರೂ ಬಂದೆವೋ" ಅಂತ ಗೊಣಗುತ್ತಿದ್ದರೆ ಯಾವ ಪೋಸ್ಟರೂ ಕೆಲಸ ಮಾಡುವುದಿಲ್ಲ. ದಣಿವು ನಿಜವಾದದ್ದು, ಅದನ್ನು ಮ್ಯಾನೇಜ್‌ಮೆಂಟ್ ಮುಂದೆ ಗಟ್ಟಿಯಾಗಿ ಹೇಳಿ. ವಾರದಲ್ಲಿ ಒಂದು ದಿನವಾದರೂ ನೀವೂ ರೋಗಿಯ ಮೈಮುಟ್ಟಿ ಕೆಲಸ ಮಾಡಿ, ಹುಡುಗರು ಪಕ್ಕದಲ್ಲಿ ನಿಂತು ನೋಡಲಿ.

ಲೆಕ್ಕ ಇಡುವಾಗ ಎಷ್ಟು ಜನ ಸೇರಿದರು ಅನ್ನುವ ಪಕ್ಕದಲ್ಲೇ ಎಷ್ಟು ಜನ ಮುಗಿಸಿದರು ಅಂತ ಬರೆಯಿರಿ. ಬಿಟ್ಟವರ ಹೆಸರಿನ ಎದುರು ಯಾವ ವಾರ ಬಿಟ್ಟರು, ಆಗ ಯಾವ ವಾರ್ಡಿನಲ್ಲಿದ್ದರು ಅಂತಲೂ ಬರೆಯಿರಿ. ಎರಡು ಮೂರು ತಿಂಗಳ ನಂತರ ಒಮ್ಮೆ ಫೋನ್ ಮಾಡಿ ಕಾರಣ ಕೇಳಿ. ಹೋಗುವ ದಿನ ಎಲ್ಲರೂ "ಮನೆಯ ಸಮಸ್ಯೆ" ಅಂತಲೇ ಬರೆದುಕೊಡುವುದು, ನಿಜ ಆಮೇಲೆ ಬರುತ್ತದೆ. ಒಂದೇ ವಾರ್ಡಿನ ಹೆಸರು ಮೂರು ಸಲ ಕಂಡರೆ, ಅಲ್ಲಿಯ ಇನ್‌ಚಾರ್ಜ್ ಜೊತೆ ಕೂತು ಮಾತಾಡಿ ಸರಿಹೋಗುವವರೆಗೆ ಮುಂದಿನ ಬ್ಯಾಚನ್ನು ಅಲ್ಲಿಗೆ ಕಳಿಸಬೇಡಿ.